ಬಟನ್ ಸೆಲ್: ಬೆನ್ನಿನ ಮೇಲಿನ ಬರಹ ಓದಿ ಸರಿಯಾದುದನ್ನು ಆರಿಸುವುದು ಹೇಗೆ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಮುಳ್ಳೇರಿಯ ಕಡೆಯ ಹಿರಿಯ ಕೃಷಿಕರೊಬ್ಬರು ಬದಿಯಡ್ಕದ ನನ್ನ ಗಡಿಯಾರ ದುರಸ್ತಿಯ ಅಂಗಡಿಗೆ ಬಂದು, ಕಾರಿನ ರಿಮೋಟ್ ಕೀಲಿಯನ್ನು ಮೇಜಿನ ಮೇಲಿಟ್ಟು, “ಹೊಸ ಸೆಲ್ ಹಾಕಿದ ಮೇಲೆಯೇ ಇದು ಹೋದದ್ದು ಮಾರಾಯ್ರೇ” ಎಂದರು. ಬಿಚ್ಚಿ ನೋಡಿದಾಗ ಒಳಗೆ ಒಂದರ ಮೇಲೊಂದು ಎರಡು ಸೆಲ್‌ಗಳು ಕೂತಿದ್ದವು. ಎರಡರ ಮೇಲೆಯೂ ಸಿಆರ್2016 ಎಂದು ಬರೆದಿತ್ತು. ಆ ರಿಮೋಟಿಗೆ ಬೇಕಾಗಿದ್ದುದು ಒಂದೇ ಒಂದು ಸಿಆರ್2032. ಸಿಆರ್2016ರ ದಪ್ಪ 1.6 ಮಿಲಿಮೀಟರ್, ಸಿಆರ್2032ರ ದಪ್ಪ 3.2 ಮಿಲಿಮೀಟರ್, ಅಗಲ ಎರಡಕ್ಕೂ 20 ಮಿಲಿಮೀಟರ್. ಎರಡು ತೆಳ್ಳನೆಯ ಸೆಲ್‌ಗಳನ್ನು ಜೋಡಿಸಿದರೆ ಒಂದು ದಪ್ಪದ ಸೆಲ್ಲಿನ ಜಾಗದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಕೂರುತ್ತದೆ. ಆದರೆ ಪ್ರತಿಯೊಂದೂ 3 ವೋಲ್ಟಿನದ್ದಾದ್ದರಿಂದ, ಮೇಲೆ ಕೆಳಗೆ ಇಟ್ಟಾಗ 6 ವೋಲ್ಟ್ ಆಗುತ್ತದೆ. 3 ವೋಲ್ಟಿಗೆಂದು ಮಾಡಿದ ಆ ಪುಟ್ಟ ಚಿಪ್ಪಿಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ. ಕೆಲವು ರೂಪಾಯಿಯ ಸೆಲ್ಲಿನ ವಿಷಯದಲ್ಲಿ ಆದ ತಪ್ಪಿಗೆ ಅವರು ಸಾವಿರಗಟ್ಟಲೆ ಕೊಟ್ಟು ಹೊಸ ಕೀಲಿ ಮಾಡಿಸಬೇಕಾಯಿತು.

ಅವರಿಗೆ ಆ ಸೆಲ್‌ಗಳನ್ನು ಕೊಟ್ಟ ಅಂಗಡಿಯವನೂ ಮೋಸ ಮಾಡಿದ್ದಲ್ಲ. ಸಿಆರ್2032 ಮುಗಿದಿತ್ತು, ಇದು ಸರಿಯಾಗಿ ಕೂರುತ್ತದೆ ಎಂದು ಕೊಟ್ಟಿದ್ದ. ಬಟನ್ ಸೆಲ್ಲಿನ ವಿಷಯದಲ್ಲಿ ನಾನು ಎಲ್ಲರಿಗೂ ಹೇಳುವ ಮಾತು ಒಂದೇ: ಜಾಗಕ್ಕೆ ಕೂತದ್ದೆಲ್ಲ ಸರಿಯಾದ ಸೆಲ್ ಅಲ್ಲ. ಒಂದೇ ಅಳತೆಯಲ್ಲಿ, ನೋಡಲು ಒಂದೇ ಬಗೆಯಲ್ಲಿರುವ, ಒಳಗಿನ ರಸಾಯನ ಮಾತ್ರ ಪೂರ್ತಿ ಬೇರೆಯಾಗಿರುವ ಮೂರು ನಾಲ್ಕು ಸೆಲ್‌ಗಳು ಪೇಟೆಯಲ್ಲಿ ಸಿಗುತ್ತವೆ. ಯಾವುದು ಯಾವುದೆಂದು ತಿಳಿಯುವ ದಾರಿ ಅದರ ಬೆನ್ನಿನ ಮೇಲಿನ ಬರಹ ಮಾತ್ರ. ನನ್ನ ಕೈಗೆ ಬರುವ ಪೊಟ್ಟಣಗಳ ಮೇಲಿನ ಸೂಚನೆಗಳು ಬಹುತೇಕ ಇಂಗ್ಲಿಷಿನಲ್ಲೇ ಇರುವುದರಿಂದ, ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಹಿರಿಯರೂ ಓದಿ ಬಳಸಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಬರಹವನ್ನು ಓದುವ ಕ್ರಮ

ನಮ್ಮ ಕಡೆ ಅಂಗಿಯ ಗುಂಡಿಗೆ ಗುಬ್ಬಿ ಎನ್ನುತ್ತೇವೆ. ಆ ಗುಬ್ಬಿಯಷ್ಟೇ ಇರುವ ಈ ಸೆಲ್ಲಿನ ಅಗಲವಾದ, ಸಪಾಟಾದ ಬದಿಯಲ್ಲಿ ಪ್ಲಸ್ ಗುರುತೂ ಅದರ ಪಕ್ಕದಲ್ಲಿ ಕೆಲವು ಅಕ್ಷರ, ಅಂಕೆಗಳೂ ಕೊರೆದಿರುತ್ತವೆ. ಅಕ್ಷರ ಸವೆದಂತೆ ಕಂಡರೆ ದೀಪಕ್ಕೆ ಓರೆಯಾಗಿ ಹಿಡಿದು ನೋಡಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಇನ್ನೂ ಸುಲಭ. ಅಂತಾರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 60086ನೆಯ ಮಾನದಂಡದ ಪ್ರಕಾರ ಈ ಬರಹದ ಮೊದಲ ಅಕ್ಷರವು ಒಳಗಿನ ರಸಾಯನವನ್ನು ಹೇಳುತ್ತದೆ, ಎರಡನೆಯ ಅಕ್ಷರವಾದ ಆರ್ ಎಂಬುದು ಸೆಲ್ ದುಂಡಗಿದೆ ಎಂಬುದನ್ನು ಹೇಳುತ್ತದೆ, ಅನಂತರದ ಅಂಕೆಗಳು ಅಳತೆಯನ್ನು ಹೇಳುತ್ತವೆ.

ಮೊದಲ ಅಕ್ಷರ ಎಲ್ ಆಗಿದ್ದರೆ ಅದು ಆಲ್ಕಲೈನ್, 1.5 ವೋಲ್ಟ್. ಎಸ್ ಆಗಿದ್ದರೆ ಸಿಲ್ವರ್ ಆಕ್ಸೈಡ್, 1.55 ವೋಲ್ಟ್. ಪಿ ಆಗಿದ್ದರೆ ಜಿಂಕ್ ಏರ್, ಸುಮಾರು 1.4 ವೋಲ್ಟ್. ಸಿ ಆಗಿದ್ದರೆ ಲಿಥಿಯಂ ಮತ್ತು ಮ್ಯಾಂಗನೀಸ್ ಡಯಾಕ್ಸೈಡಿನದ್ದು, 3 ವೋಲ್ಟ್. ಬಿ ಅಕ್ಷರದ್ದೂ ಲಿಥಿಯಮ್ಮಿನದೇ, 3 ವೋಲ್ಟೇ. ಅದರಲ್ಲಿ ಮ್ಯಾಂಗನೀಸಿನ ಬದಲು ಕಾರ್ಬನ್ ಮೋನೋಫ್ಲೋರೈಡ್ ಇರುತ್ತದೆ, ಹೆಚ್ಚು ಬಿಸಿಯಾಗುವ ಜಾಗದ ಉಪಕರಣಗಳಿಗೆ ಅದು ಒಳ್ಳೆಯದು, ನಮ್ಮ ಪೇಟೆಗಳಲ್ಲಿ ಕಾಣುವುದು ಅಪರೂಪ. ಹಳೆಯ ಕ್ಯಾಮೆರಾಗಳಲ್ಲಿ ಪಾದರಸದ 1.35 ವೋಲ್ಟಿನ ಸೆಲ್ ಬಳಸುತ್ತಿದ್ದರು. ಪಾದರಸದ ವಿಷದ ಕಾರಣ ಅದನ್ನು ಈಗ ಮಾರುಕಟ್ಟೆಯಿಂದ ತೆಗೆದಿದ್ದಾರೆ.

ಅಂಕೆಗಳನ್ನು ಓದುವುದು ಲಿಥಿಯಂ ಸೆಲ್‌ಗಳಲ್ಲಿ ಅತಿ ಸುಲಭ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಎಂದರೆ ಅಷ್ಟೇ ಅಗಲ, 2.5 ದಪ್ಪ. ಸಿಆರ್1620 ಎಂದರೆ 16 ಅಗಲ, 2.0 ದಪ್ಪ. ಅಗಲವನ್ನು ಬರೆಯುವಾಗ ದಶಾಂಶವನ್ನು ಬಿಟ್ಟುಬಿಡುತ್ತಾರೆ ಎಂಬುದನ್ನು ಮಾತ್ರ ನೆನಪಿಡಬೇಕು. ಸಿಆರ್1220ರ ನಿಜವಾದ ಅಗಲ 12.5, ಸಿಆರ್2450ರದ್ದು 24.5. ಕೈಗಡಿಯಾರದ ಎಸ್‌ಆರ್626ಎಸ್‌ಡಬ್ಲ್ಯೂ ಎಂಬ ಸೆಲ್ಲಿಗೂ ಇದೇ ಲೆಕ್ಕ: ಅಗಲ 6.8, ದಪ್ಪ 2.6.

ಗೊಂದಲ ಶುರುವಾಗುವುದು ಎಲ್‌ಆರ್44, ಎಲ್‌ಆರ್41 ಮುಂತಾದ ಹಳೆಯ ಹೆಸರುಗಳಲ್ಲಿ. ಇಲ್ಲಿನ 44, 41 ಎಂಬುವು ಅಳತೆಯಲ್ಲ, ಬರೇ ಕ್ರಮಸಂಖ್ಯೆ. ಎಲ್‌ಆರ್44ರ ಅಗಲ 11.6, ದಪ್ಪ 5.4, ಎಲ್‌ಆರ್41ರದ್ದು 7.9 ಮತ್ತು 3.6. ಇದು ಸಾಲದೆಂಬಂತೆ ಒಂದೇ ಸೆಲ್ಲಿಗೆ ಮೂರು ನಾಲ್ಕು ಹೆಸರುಗಳಿವೆ. ಎಲ್‌ಆರ್44ನ್ನೇ ಎಜಿ13 ಎಂದೂ ಎ76 ಎಂದೂ ಮಾರುತ್ತಾರೆ. ಎಲ್‌ಆರ್41ಕ್ಕೆ ಎಜಿ3, ಎಲ್‌ಆರ್43ಕ್ಕೆ ಎಜಿ12, ಎಲ್‌ಆರ್1130ಕ್ಕೆ ಎಜಿ10 ಎಂಬ ಹೆಸರುಗಳಿವೆ. ಎಜಿ ಎಂದು ಕಂಡರೆ ಸಾಮಾನ್ಯವಾಗಿ ಆಲ್ಕಲೈನ್ ಎಂದು ತಿಳಿಯಬೇಕು. ವಾಚಿನ ಸಿಲ್ವರ್ ಆಕ್ಸೈಡ್ ಸೆಲ್‌ಗಳಿಗೆ ಮೂರಂಕಿಯ ಹೆಸರೂ ಇದೆ: ಎಸ್‌ಆರ್626ಎಸ್‌ಡಬ್ಲ್ಯೂಗೆ 377, ಎಸ್‌ಆರ್621ಎಸ್‌ಡಬ್ಲ್ಯೂಗೆ 364, ಎಸ್‌ಆರ್920ಎಸ್‌ಡಬ್ಲ್ಯೂಗೆ 371, ಎಸ್‌ಆರ್927ಎಸ್‌ಡಬ್ಲ್ಯೂಗೆ 395. ಆದ್ದರಿಂದ ಅಂಗಡಿಗೆ ಹೋಗುವಾಗ “ವಾಚಿನ ಸಣ್ಣ ಸೆಲ್ ಕೊಡಿ” ಎಂದು ಕೇಳುವ ಬದಲು ಹಳೆಯ ಸೆಲ್ಲನ್ನೇ ಒಂದು ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಅದಕ್ಕೂ ಮೊದಲು ಉಪಕರಣದ ಮುಚ್ಚಳದ ಒಳಬದಿಯಲ್ಲಿ ಅಥವಾ ಕೈಪಿಡಿಯಲ್ಲಿ ಯಾವ ಹೆಸರು ಇದೆ ಎಂದು ಹೋಲಿಸಿ ನೋಡಬೇಕು, ಏಕೆಂದರೆ ಹಿಂದೆ ಹಾಕಿದವರೇ ತಪ್ಪು ಸೆಲ್ ಹಾಕಿರಬಹುದು.

ಆಲ್ಕಲೈನೋ ಸಿಲ್ವರೋ

ಎಲ್‌ಆರ್44 ಮತ್ತು ಎಸ್‌ಆರ್44 ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅಳತೆಯಲ್ಲಿ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಬಹಳ ಅಂತರ. ಗಿರಾಕಿಗಳು “ಎರಡೂ ಒಂದೂವರೆ ವೋಲ್ಟೇ ಅಲ್ಲವೇ, ಮತ್ತೇಕೆ ಇಷ್ಟು ಹಣ?” ಎಂದು ಕೇಳುವುದು ಸಹಜ. ಉತ್ತರ ಇರುವುದು ಸೆಲ್ ಹೊಸದಾಗಿರುವಾಗಿನ ವೋಲ್ಟಿನಲ್ಲಿ ಅಲ್ಲ, ಅರ್ಧ ಖರ್ಚಾದ ಮೇಲಿನ ವೋಲ್ಟಿನಲ್ಲಿ. ಆಲ್ಕಲೈನ್ ಸೆಲ್ಲಿನ ಒತ್ತಡವು ಮೊದಲ ದಿನದಿಂದಲೇ ನಿಧಾನವಾಗಿ ಇಳಿಯುತ್ತಾ 1.4, 1.3, 1.2 ಎಂದು ಕೆಳಗೆ ಜಾರುತ್ತದೆ. ಸಿಲ್ವರ್ ಆಕ್ಸೈಡ್ ಸೆಲ್ಲು ತನ್ನ ಆಯುಷ್ಯದ ಬಹುಭಾಗ 1.55ರ ಆಸುಪಾಸಿನಲ್ಲೇ ನಿಂತಿದ್ದು, ಮುಗಿಯುವ ಹೊತ್ತಿಗೆ ಒಮ್ಮೆಲೇ ಬಿದ್ದುಬಿಡುತ್ತದೆ. ಸಾಮರ್ಥ್ಯದಲ್ಲಿಯೂ ಎಲ್‌ಆರ್44 ಸುಮಾರು 110ರಿಂದ 150 ಮಿಲಿ ಆಂಪಿಯರ್ ಅವರ್ (ಅಷ್ಟು ಮಿಲಿ ಆಂಪಿಯರ್ ಕರೆಂಟನ್ನು ಒಂದು ಗಂಟೆ ಕೊಡಬಲ್ಲದು ಎಂದರ್ಥ) ಆದರೆ ಎಸ್‌ಆರ್44 ಸುಮಾರು 150ರಿಂದ 200.

ಮಕ್ಕಳ ಬೆಳಕಿನ ಆಟಿಕೆ, ಲೇಸರ್ ಟಾರ್ಚು, ಸಾದಾ ಕ್ಯಾಲ್ಕುಲೇಟರ್ ಇಂಥವಕ್ಕೆ ಆಲ್ಕಲೈನ್ ಸಾಕು. ಅಳತೆ ತೋರಿಸುವ ಉಪಕರಣಗಳಿಗೆ, ಉದಾಹರಣೆಗೆ ಡಿಜಿಟಲ್ ವರ್ನಿಯರ್ ಕ್ಯಾಲಿಪರಿಗೆ, ಹಳೆಯ ಕ್ಯಾಮೆರಾದ ಬೆಳಕಿನ ಮಾಪಕಕ್ಕೆ ಮತ್ತು ಈ ಒಂದೂವರೆ ವೋಲ್ಟಿನ ಸೆಲ್ ಬಳಸುವ ಕೈಗಡಿಯಾರಗಳಿಗೆ ಸಿಲ್ವರ್ ಆಕ್ಸೈಡನ್ನೇ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಕ್ಯಾಲಿಪರನ್ನು ಆಫ್ ಮಾಡಿದ ಮೇಲೂ ಅದರ ಒಳಗೆ ಸ್ವಲ್ಪ ಕರೆಂಟು ಹರಿಯುತ್ತಲೇ ಇರುವ ಮಾದರಿಗಳು ಬಹಳ ಇವೆ. ತಿಂಗಳಿಗೊಮ್ಮೆ ಬಳಸುವವರು ಕೆಲಸ ಮುಗಿದೊಡನೆ ಸೆಲ್ ತೆಗೆದಿಡುವುದು ಒಳ್ಳೆಯದು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರಿನಲ್ಲಿ ಹೆಚ್ಚಾಗಿ ಎಲ್‌ಆರ್41 ಇರುತ್ತದೆ. ಪರದೆಯ ಮೇಲೆ ಬ್ಯಾಟರಿಯ ಗುರುತು ಕಾಣಿಸಿಕೊಂಡ ಮೇಲೆ ಅದು ತೋರಿಸುವ ಅಂಕಿಯನ್ನು ನಂಬದೆ, ಆ ದಿನವೇ ಬದಲಿಸಬೇಕು.

ಆಲ್ಕಲೈನಿಗೆ ಇನ್ನೊಂದು ದೋಷವಿದೆ, ಅದು ನಮ್ಮ ಕರಾವಳಿಯ ತೇವದಲ್ಲಿ ಹೆಚ್ಚು ಕಣ್ಣಿಗೆ ಬೀಳುತ್ತದೆ. ಖಾಲಿಯಾದ ಸೆಲ್ಲನ್ನು ಉಪಕರಣದೊಳಗೇ ಮರೆತರೆ ಅದರ ಕ್ಷಾರ ಹೊರಗೆ ಜಿನುಗಿ, ಸ್ಪ್ರಿಂಗಿನ ಮೇಲೆ ಬಿಳಿ ಹುಡಿಯಾಗಿ, ತಾಮ್ರದ ಭಾಗದಲ್ಲಿ ಹಸಿರು ಕಿಲುಬಾಗಿ ಕೂರುತ್ತದೆ. ಹಾಗಾದಾಗ ಕೈಗೆ ಗ್ಲೌಸ್ ಹಾಕಿಕೊಂಡು ಸೆಲ್ಲನ್ನು ತೆಗೆದು, ಕಿವಿಗೆ ಬಳಸುವ ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲೋ ಲಿಂಬೆರಸದಲ್ಲೋ ಸ್ವಲ್ಪವೇ ಅದ್ದಿ ಒರೆಸಬೇಕು. ಕ್ಷಾರಕ್ಕೆ ಹುಳಿ ತಾಗಿ ಸಣ್ಣಗೆ ನೊರೆ ಬಂದು ನಿಂತ ಮೇಲೆ, ನೀರು ಹಿಂಡಿದ ಇನ್ನೊಂದು ಕಡ್ಡಿಯಿಂದ ಹುಳಿಯ ಅಂಶವನ್ನೂ ಒರೆಸಿ, ಒಂದು ದಿನ ಗಾಳಿಗೆ ಒಣಗಲು ಬಿಡಬೇಕು. ಹುಳಿಯನ್ನು ಹಾಗೆಯೇ ಬಿಟ್ಟರೆ ಅದೂ ಲೋಹವನ್ನು ತಿನ್ನುತ್ತದೆ.

ಕೈಗಡಿಯಾರದ ಸೆಲ್

1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಂಪನಿ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದ ಮೇಲೆ, ದಿನಾ ಬೆಳಗ್ಗೆ ಕೀಲಿ ಕೊಡುವ ವಾಚಿನ ಕಾಲ ನಿಧಾನವಾಗಿ ಸರಿದು ಹೋಯಿತು. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಅದನ್ನು ಎಣಿಸಿ ಮುಳ್ಳನ್ನು ಸೆಕೆಂಡಿಗೊಮ್ಮೆ ತಳ್ಳಲು ಬೇಕಾಗುವ ಕರೆಂಟು ಸುಮಾರು ಒಂದು ಅಥವಾ ಒಂದೂವರೆ ಮೈಕ್ರೋ ಆಂಪಿಯರ್ ಮಾತ್ರ. ಎಸ್‌ಆರ್626ಎಸ್‌ಡಬ್ಲ್ಯೂ ಸೆಲ್ಲಿನ ಸಾಮರ್ಥ್ಯ ಸುಮಾರು 28 ಮಿಲಿ ಆಂಪಿಯರ್ ಅವರ್. ಒಂದು ಮಿಲಿ ಎಂದರೆ ಸಾವಿರ ಮೈಕ್ರೋ, ಆದ್ದರಿಂದ 1.2 ಮೈಕ್ರೋ ಆಂಪಿಯರಿನಂತೆ ಭಾಗಿಸಿದರೆ 23,000 ಗಂಟೆಗೂ ಹೆಚ್ಚು, ಅಂದರೆ ಎರಡೂವರೆ ವರ್ಷ. ಹೊಸ ಸೆಲ್ ಹಾಕಿದ ವಾಚು ಆರು ತಿಂಗಳಿಗೇ ನಿಂತರೆ ಈ ಲೆಕ್ಕವನ್ನು ನೆನಪಿಸಿಕೊಳ್ಳಬೇಕು: ಒಂದೋ ಸಿಲ್ವರಿನ ಜಾಗಕ್ಕೆ ಆಲ್ಕಲೈನ್ ಹಾಕಿದ್ದಾರೆ, ಇಲ್ಲವೇ ಸೆಲ್ ಅಂಗಡಿಯಲ್ಲೇ ಹಳತಾಗಿತ್ತು, ಅಥವಾ ವಾಚಿನ ಒಳಗಿನ ಎಣ್ಣೆ ಗಟ್ಟಿಯಾಗಿ ಯಂತ್ರವು ಹೆಚ್ಚು ಕರೆಂಟು ಕುಡಿಯುತ್ತಿದೆ.

ಹೆಸರಿನ ಕೊನೆಯ ಎಸ್‌ಡಬ್ಲ್ಯೂ ಎಂಬುದು ಮುಳ್ಳಿನ ಸಾದಾ ವಾಚಿಗೆ. ಬರೇ ಡಬ್ಲ್ಯೂ ಎಂದಿದ್ದರೆ ಅದು ದೀಪ, ಅಲಾರಾಂ ಇರುವ, ಆಗಾಗ ಹೆಚ್ಚು ಕರೆಂಟು ಬೇಡುವ ವಾಚಿಗೆ. ಎಸ್‌ಆರ್626ಡಬ್ಲ್ಯೂಗೆ 376 ಎಂಬ ಬೇರೆ ಸಂಖ್ಯೆಯೇ ಇದೆ. ಬಿಸಿಲಿನಿಂದ ನಡೆಯುವ ಸೋಲಾರ್ ವಾಚುಗಳಲ್ಲಿ ಇರುವುದು ಮತ್ತೆ ಮತ್ತೆ ಚಾರ್ಜ್ ಆಗುವ ವಿಶೇಷ ಸೆಲ್. ಅದರ ಜಾಗಕ್ಕೆ ಸಾದಾ ಸಿಲ್ವರ್ ಸೆಲ್ಲನ್ನು ಎಂದೂ ಹಾಕಬಾರದು. ಚಾರ್ಜ್ ಆಗಬಾರದ ಸೆಲ್ಲಿಗೆ ಚಾರ್ಜ್ ಕೊಟ್ಟರೆ ಅದು ಸೋರುತ್ತದೆ, ಉಬ್ಬುತ್ತದೆ, ಒಡೆಯಲೂ ಬಹುದು.

ಮುಳ್ಳಿನ ಕೆಲವು ವಾಚುಗಳು ಸೆಲ್ ಮುಗಿಯುವ ಮೊದಲೇ ಸೂಚನೆ ಕೊಡುತ್ತವೆ: ಸೆಕೆಂಡಿನ ಮುಳ್ಳು ಪ್ರತಿ ಸೆಕೆಂಡಿಗೆ ಚಲಿಸದೆ, ಎರಡು ಅಥವಾ ನಾಲ್ಕು ಸೆಕೆಂಡಿಗೊಮ್ಮೆ ಜಿಗಿಯುತ್ತದೆ. ಅದು ರೋಗವಲ್ಲ, ತಯಾರಕರೇ ಇಟ್ಟ ಎಚ್ಚರಿಕೆ. ನಿಂತುಹೋದ ವಾಚನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಇಡುವವರು ಸೆಲ್ಲನ್ನು ತೆಗೆಸಿ ಇಡಬೇಕು. ಅಜ್ಜನ ನೆನಪಿನ ವಾಚೆಂದು ಜೋಪಾನ ಮಾಡಿ ತಂದವರಿಗೆ, ಸೋರಿದ ಸೆಲ್ಲಿನಿಂದ ಯಂತ್ರ ತುಕ್ಕು ಹಿಡಿದದ್ದನ್ನು ತೋರಿಸುವಾಗ ನನಗೇ ಸಂಕಟವಾಗುತ್ತದೆ.

ಮನೆಯಲ್ಲೇ ಬದಲಿಸುವ ಧೈರ್ಯವಿದ್ದವರು ಮೊದಲು ಹಿಂಬದಿಯ ಮುಚ್ಚಳ ಯಾವ ಬಗೆಯದೆಂದು ನೋಡಬೇಕು. ಅಂಚಿನಲ್ಲಿ ಉಗುರು ತೂರುವಷ್ಟು ಸಣ್ಣ ಕಚ್ಚು ಇದ್ದರೆ ಅದು ಒತ್ತಿ ಕೂರಿಸಿದ ಮುಚ್ಚಳ, ಮೊಂಡ ಅಲಗಿನಿಂದ ತಿರುಚಿದರೆ ಬಿಡುತ್ತದೆ. ಸುತ್ತಲೂ ಸಣ್ಣ ಗುಳಿಗಳಿದ್ದರೆ ಅದು ತಿರುಗಿಸಿ ಬಿಗಿದದ್ದು, ಅದಕ್ಕೆ ತಕ್ಕ ಹತಾರವಿಲ್ಲದೆ ಕೈಹಾಕಬಾರದು. ಒಳಗೆ ಸೆಲ್ಲಿನ ಪಕ್ಕದಲ್ಲೇ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸುರುಳಿ ಹೊಳೆಯುತ್ತಿರುತ್ತದೆ. ಇಕ್ಕುಳದ ತುದಿ ಜಾರಿ ಅದಕ್ಕೆ ತಾಗಿದರೆ ವಾಚು ಅಲ್ಲಿಗೆ ಮುಗಿಯಿತು. ಸೆಲ್ಲನ್ನು ಎತ್ತಲು ಪ್ಲಾಸ್ಟಿಕ್ ಇಕ್ಕುಳ ಬಳಸಬೇಕು, ಲೋಹದ ಇಕ್ಕುಳ ಸೆಲ್ಲಿನ ಎರಡೂ ಬದಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಹೊಸ ಸೆಲ್ಲನ್ನು ಬರಿ ಬೆರಳಿನಿಂದ ಮುಟ್ಟಿದ್ದರೆ ಒಣಬಟ್ಟೆಯಿಂದ ಒರೆಸಿ ಕೂರಿಸಬೇಕು. ಕೆಲವು ಡಿಜಿಟಲ್ ವಾಚುಗಳಲ್ಲಿ ಎಸಿ ಎಂದು ಬರೆದ ಚುಕ್ಕಿಯೊಂದಿರುತ್ತದೆ. ಸೆಲ್ ಹಾಕಿದ ಮೇಲೆ ಆ ಚುಕ್ಕಿಯನ್ನೂ ಸೆಲ್ಲಿನ ಪ್ಲಸ್ ಬದಿಯನ್ನೂ ಲೋಹದ ಇಕ್ಕುಳದಿಂದ ಎರಡು ಸೆಕೆಂಡು ಒಟ್ಟಿಗೆ ಮುಟ್ಟಿಸಿದರೆ ಮಾತ್ರ ಅದು ಸರಿಯಾಗಿ ಶುರುವಾಗುತ್ತದೆ. ಮುಚ್ಚುವ ಮೊದಲು ಅಂಚಿನ ರಬ್ಬರ್ ರಿಂಗ್ ತನ್ನ ಜಾಡಿನಲ್ಲಿ ಕೂತಿದೆಯೇ, ಬಿರಿದಿದೆಯೇ ಎಂದು ನೋಡಬೇಕು. ಆಟಿ ತಿಂಗಳ ಮಳೆಯಲ್ಲಿ ವಾಚಿನ ಗಾಜಿನೊಳಗೆ ಹಬೆ ಕಟ್ಟಿದೆ ಎಂದು ಬರುವವರಲ್ಲಿ ಹೆಚ್ಚಿನವರ ವಾಚಿನಲ್ಲಿ ಈ ರಿಂಗೇ ಹೋಗಿರುತ್ತದೆ.

ಲಿಥಿಯಂ ನಾಣ್ಯ

3 ವೋಲ್ಟಿನ ಸಿಆರ್ ಸೆಲ್‌ಗಳು ನಾಣ್ಯದಂತೆ ಅಗಲವಾಗಿ ತೆಳ್ಳಗಿರುತ್ತವೆ. ಕಾರು, ಬೈಕಿನ ರಿಮೋಟ್, ಕೆಲವು ಗ್ಲುಕೋಮೀಟರ್, ಅಡುಗೆಮನೆಯ ತಕ್ಕಡಿ, ದೇಹದ ತೂಕ ನೋಡುವ ಯಂತ್ರ, ಪಿಟೀಲಿಗೆ ಕಚ್ಚಿಸುವ ಶ್ರುತಿ ಮಾಪಕ, ದೀಪಾವಳಿಗೆ ಇಡುವ ಎಲ್‌ಇಡಿ ಹಣತೆ ಎಲ್ಲದರಲ್ಲಿಯೂ ಇವೇ. ಸಿಆರ್2032ರ ಸಾಮರ್ಥ್ಯ ಸುಮಾರು 220 ಮಿಲಿ ಆಂಪಿಯರ್ ಅವರ್, ಸಿಆರ್2025ರದ್ದು ಸುಮಾರು 160, ಸಿಆರ್2016ರದ್ದು ಸುಮಾರು 90. ದಪ್ಪದ ಸೆಲ್ಲಿನ ಜಾಗಕ್ಕೆ ತೆಳ್ಳನೆಯದನ್ನು ಹಾಕಿ ಸಂದಿಗೆ ಕಾಗದ ಮಡಚಿ ತುರುಕುವ ಅಭ್ಯಾಸ ಕೆಲವರಿಗಿದೆ. ಆಯುಷ್ಯ ಕಡಿಮೆಯಾಗುವುದು ಒಂದು ನಷ್ಟವಾದರೆ, ಕಾರಿನಲ್ಲಿ ಕುಲುಕಾಟಕ್ಕೆ ಸಂಪರ್ಕ ತಪ್ಪಿ ಬೇಕಾದಾಗ ಕೈಕೊಡುವುದು ಇನ್ನೊಂದು.

ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿಯೂ ಸಾಮಾನ್ಯವಾಗಿ ಒಂದು ಸಿಆರ್2032 ಇರುತ್ತದೆ. ಕರೆಂಟು ಇಲ್ಲದಾಗ ದಿನಾಂಕ, ಸಮಯವನ್ನು ನೆನಪಿಡುವುದು ಅದರ ಕೆಲಸ. ಅದು ಹೋದರೆ ಪ್ರತಿ ಸಲ ಕಂಪ್ಯೂಟರ್ ಹಾಕುವಾಗಲೂ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ಜಾಲತಾಣ ತೆರೆದರೆ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಜನ ಇಂಟರ್‌ನೆಟ್ಟಿನವರನ್ನು ಬಯ್ಯುತ್ತಾರೆ. ಪ್ಲಗ್ಗನ್ನು ಕಿತ್ತು, ಸೆಲ್ಲಿನ ಪಕ್ಕದ ಸಣ್ಣ ಕೊಕ್ಕೆಯನ್ನು ಒತ್ತಿ ಹಳೆಯದನ್ನು ಎಬ್ಬಿಸಿ, ಪ್ಲಸ್ ಬದಿ ಮೇಲೆ ಬರುವಂತೆ ಹೊಸದನ್ನು ಇಟ್ಟರೆ ಐದು ನಿಮಿಷದ ಕೆಲಸ.

ಎಲ್‌ಐಆರ್2032 ಎಂಬ ಹೆಸರಿನ, ಚಾರ್ಜ್ ಮಾಡಬಹುದಾದ ಸೆಲ್ಲೂ ಸಿಗುತ್ತದೆ. ಉಳಿತಾಯವೆಂದು ಅದನ್ನು ಸಿಆರ್2032ರ ಜಾಗಕ್ಕೆ ಹಾಕಬೇಡಿ. ಪೂರ್ತಿ ಚಾರ್ಜ್ ಆದಾಗ ಅದರ ಒತ್ತಡ 4.2 ವೋಲ್ಟಿನವರೆಗೆ ಏರುತ್ತದೆ, ಸಾಮರ್ಥ್ಯವೂ ಬಹಳ ಕಡಿಮೆ. ಮಕ್ಕಳು ಬಾಯಿಗೆ ಹಾಕದಿರಲೆಂದು ಕೆಲವು ಕಂಪನಿಗಳು ಸೆಲ್ಲಿನ ಮೇಲೆ ಕಹಿಯ ಲೇಪ ಹಚ್ಚುತ್ತವೆ. ಒಳ್ಳೆಯ ಉಪಾಯವೇ, ಆದರೆ ಆ ಲೇಪ ಸಂಪರ್ಕದ ಜಾಗದಲ್ಲಿ ಬಂದರೆ ಕೆಲವು ಉಪಕರಣಗಳು ಶುರುವಾಗುವುದಿಲ್ಲ, ಹೊಸ ಸೆಲ್ಲೇ ಹಾಳೆಂದು ತಿಳಿದು ಎಸೆಯುವ ಮೊದಲು ಇದನ್ನು ನೋಡಬೇಕು.

ಮಲ್ಟಿಮೀಟರ್ ಇದ್ದವರು ಹೊಸ ಸಿಆರ್ ಸೆಲ್ ಸುಮಾರು 3.2 ವೋಲ್ಟ್ ತೋರಿಸುವುದನ್ನು ಕಾಣಬಹುದು, 2.8ಕ್ಕಿಂತ ಕೆಳಗಿಳಿದರೆ ಅದು ಮುಗಿಯುತ್ತಾ ಬಂದಿದೆ. ಲಿಥಿಯಮ್ಮಿನ ಒತ್ತಡವೂ ಕೊನೆಯವರೆಗೆ ಸಮನಾಗಿ ನಿಲ್ಲುವ ಸ್ವಭಾವದ್ದಾದ್ದರಿಂದ ಬರೇ ಮೀಟರ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು.

ಶ್ರವಣಯಂತ್ರದ ಸೆಲ್

ಜಿಂಕ್ ಏರ್ ಸೆಲ್ಲಿನ ವಿಶೇಷವೆಂದರೆ ಅದರ ಅರ್ಧ ಸಾಮಗ್ರಿ ಹೊರಗಿನ ಗಾಳಿಯಲ್ಲಿದೆ. ಪ್ಲಸ್ ಬದಿಯಲ್ಲಿರುವ ಸೂಜಿಮೊನೆಯಷ್ಟು ತೂತುಗಳಿಂದ ಆಮ್ಲಜನಕ ಒಳಹೊಕ್ಕು ಸತುವಿನೊಡನೆ ಸೇರಿದಾಗ ವಿದ್ಯುತ್ ಹುಟ್ಟುತ್ತದೆ. ಒಳಗಿನ ಜಾಗವೆಲ್ಲ ಸತುವಿಗೇ ಸಿಗುವುದರಿಂದ, ಎಲ್‌ಆರ್44ರಷ್ಟೇ ಅಳತೆಯ 675 ನಂಬರಿನ ಜಿಂಕ್ ಏರ್ ಸೆಲ್ ಸುಮಾರು 600 ಮಿಲಿ ಆಂಪಿಯರ್ ಅವರ್ ಕೊಡುತ್ತದೆ, ಅಂದರೆ ಆಲ್ಕಲೈನಿನ ನಾಲ್ಕು ಪಟ್ಟು. ನಾಲ್ಕು ಅಳತೆಗಳಿಗೆ ನಾಲ್ಕು ಬಣ್ಣದ ಸ್ಟಿಕ್ಕರುಗಳಿವೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದಲು ಕಷ್ಟಪಡುವ ಹಿರಿಯರಿಗೆ ಬಣ್ಣವನ್ನು ಹೇಳಿಕೊಟ್ಟರೆ ಸಾಕು.

ನನ್ನ ಅಂಗಡಿಗೆ ಬರುವ ಅಜ್ಜಿಯೊಬ್ಬರು ಸೆಲ್ಲಿನ ಸ್ಟಿಕ್ಕರನ್ನು ಕಿತ್ತ ಕೂಡಲೇ ಯಂತ್ರಕ್ಕೆ ತುರುಕಿ, ಕೇಳಿಸುವುದಿಲ್ಲವೆಂದು ತೆಗೆದು, ಸ್ಟಿಕ್ಕರನ್ನು ಪುನಃ ಅಂಟಿಸಿ ಇಡುತ್ತಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಸ್ಟಿಕ್ಕರ್ ಕಿತ್ತ ಮೇಲೆ ತೂತುಗಳು ಮೇಲೆ ಬರುವಂತೆ ಮೇಜಿನ ಮೇಲಿಟ್ಟು, ಒಂದರಿಂದ ಐದು ನಿಮಿಷ ಗಾಳಿ ಕುಡಿಯಲು ಬಿಡಬೇಕು. ಅನಂತರ ಯಂತ್ರಕ್ಕೆ ಹಾಕಬೇಕು. ಒಮ್ಮೆ ಕಿತ್ತರೆ ಅದರ ದಿನಗಣನೆ ಶುರುವಾಯಿತು, ಪುನಃ ಅಂಟಿಸಿದರೂ ನಿಲ್ಲದು. ಆದ್ದರಿಂದ ಮೊದಲ ಸೆಲ್ ಮುಗಿಯುವವರೆಗೆ ಎರಡನೆಯದರ ಸ್ಟಿಕ್ಕರಿಗೆ ಕೈಹಚ್ಚಬಾರದು. ಸೆಲ್ಲಿಗೆ ವಿಪರೀತ ತೇವವೂ ವಿಪರೀತ ಒಣಹವೆಯೂ ಆಗದು. ಮಳೆಗಾಲದಲ್ಲಿ ರಾತ್ರಿ ಮಲಗುವಾಗ ಯಂತ್ರದ ಸೆಲ್ಲಿನ ಬಾಗಿಲನ್ನು ತೆರೆದಿಟ್ಟು ಒಣಗಲು ಬಿಟ್ಟರೆ ಯಂತ್ರಕ್ಕೂ ಒಳ್ಳೆಯದು. ಅಳತೆ ಸಮ ಎಂದು ಎಲ್‌ಆರ್44ನ್ನು ಶ್ರವಣಯಂತ್ರಕ್ಕೆ ಹಾಕುವುದಾಗಲಿ, ಜಿಂಕ್ ಏರ್ ಸೆಲ್ಲನ್ನು ಗಾಳಿಯಾಡದ ವಾಚಿನೊಳಗೆ ಹಾಕುವುದಾಗಲಿ ಸರಿಯಲ್ಲ.

ಮಗು ನುಂಗಿದರೆ

ಈ ಬರಹದಲ್ಲಿ ಉಳಿದೆಲ್ಲವನ್ನು ಮರೆತರೂ ಈ ಭಾಗವನ್ನು ಮರೆಯಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನುಂಗಿದ ಸೆಲ್ಲಿನ ಅಪಾಯವಿರುವುದು ಅದು ಒಡೆದು ಒಳಗಿನ ವಿಷ ಹೊರಬರುವುದರಲ್ಲಿ ಎಂದು ಬಹಳ ಮಂದಿ ತಿಳಿದಿದ್ದಾರೆ. ಒಡೆಯಬೇಕೆಂದೇ ಇಲ್ಲ. ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡಾಗ ಅಲ್ಲಿನ ಒದ್ದೆ ಮಾಂಸದ ಮೂಲಕ ಕರೆಂಟು ಹರಿದು, ಮೈನಸ್ ಬದಿಯಲ್ಲಿ ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಅದು ಅನ್ನನಾಳವನ್ನು ಗಂಭೀರವಾಗಿ ಸುಡಬಲ್ಲದು. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಪುಟ್ಟ ಮಕ್ಕಳ ಅನ್ನನಾಳದಲ್ಲಿ ಅದು ಸಿಕ್ಕಿಕೊಳ್ಳುವ ಸಂಭವ ಹೆಚ್ಚು, ಒತ್ತಡವೂ 3 ವೋಲ್ಟ್. ರಿಮೋಟಿಗೆ ಸಾಲದೆಂದು ತೆಗೆದು ಎಸೆದ ಸೆಲ್ಲಿನಲ್ಲಿಯೂ ಇಷ್ಟು ಮಾಡುವ ಶಕ್ತಿ ಉಳಿದಿರುತ್ತದೆ.

ನಂಬಿಕೆ ಬಾರದವರಿಗೆ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಸೌತೆಕಾಯಿಯ ಒಂದು ಬಿಲ್ಲೆಗೆ ಉಪ್ಪು, ಅರಸಿನ ಸವರಿ, ಅದರ ಮೇಲೆ ಸಿಆರ್2032 ಸೆಲ್ಲನ್ನು ಮೈನಸ್ ಬದಿ ಕೆಳಗಾಗಿ ಇಡುತ್ತೇನೆ. ಸ್ವಲ್ಪ ಹೊತ್ತಿನಲ್ಲಿ ಅಂಚಿನಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. ಸೆಲ್ಲನ್ನು ಎತ್ತಿ ನೋಡಿದರೆ ಹಳದಿಯ ನಡುವೆ ಕೆಂಪು ಕಲೆ ಬಿದ್ದಿರುತ್ತದೆ. ದೈವಸ್ಥಾನಗಳಲ್ಲಿ ಅರಸಿನದ ನೀರಿಗೆ ಸುಣ್ಣ ಬೆರೆಸಿ ಕುರ್ದಿ ಮಾಡುವುದನ್ನು ಕಂಡ ನಮ್ಮವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ: ಅಲ್ಲಿ ಕ್ಷಾರ ಹುಟ್ಟಿದೆ. ಸೌತೆಕಾಯಿಯ ಜಾಗದಲ್ಲಿ ಮಗುವಿನ ಗಂಟಲನ್ನು ಎಣಿಸಿಕೊಂಡವರು ಆಮೇಲೆ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಹೋಗುವುದಿಲ್ಲ.

ಮಗು ನುಂಗಿತೆಂಬ ಸಂಶಯ ಬಂದರೂ ಸಾಕು, ಲಕ್ಷಣಕ್ಕೆ ಕಾಯಬಾರದು. ಜೊಲ್ಲು ಸುರಿಸುವುದು, ಊಟ ಬೇಡವೆನ್ನುವುದು, ಕೆಮ್ಮು, ವಾಂತಿ ಇಂಥವು ಕಾಣಿಸಬಹುದು, ಏನೂ ಕಾಣಿಸದೆಯೂ ಇರಬಹುದು. ವಾಂತಿ ಮಾಡಿಸಬಾರದು, ಊಟ, ನೀರು, ಬಾಳೆಹಣ್ಣು ಏನನ್ನೂ ಕೊಡಬಾರದು. 108ಕ್ಕೆ ಕರೆಮಾಡಿ ಅಥವಾ ಸಿಕ್ಕ ವಾಹನದಲ್ಲಿ ಎಕ್ಸ್‌ರೇ ಮತ್ತು ಮಕ್ಕಳ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಪೆರ್ಲ, ಮುಳ್ಳೇರಿಯದಂಥ ಒಳನಾಡಿನವರಿಗೆ ಎರಡು ಗಂಟೆ ಎಂಬುದು ದೊಡ್ಡ ಸಮಯವಲ್ಲ. ಆದ್ದರಿಂದ ಈ ಸೌಲಭ್ಯ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ ಫೋನಿನಲ್ಲಿ ಬರೆದಿಡುವುದು ಒಳ್ಳೆಯದು, ಹೊರಡುವಾಗ ಆಸ್ಪತ್ರೆಗೆ ಫೋನ್ ಮಾಡಿ “ಬಟನ್ ಸೆಲ್ ನುಂಗಿದ ಮಗು” ಎಂದೇ ಹೇಳಬೇಕು. ಎಕ್ಸ್‌ರೇಯಲ್ಲಿ ಸೆಲ್ಲೂ ನಾಣ್ಯವೂ ದುಂಡಗೇ ಕಾಣುತ್ತವೆ, ಸೆಲ್ಲಿನ ಅಂಚಿನಲ್ಲಿ ಮಾತ್ರ ಎರಡು ಬಳೆಯಂತೆ ಜೋಡಿ ಗೆರೆ ಇರುತ್ತದೆ. ಸೆಲ್ಲಿನ ಪೊಟ್ಟಣವೋ ಅದರ ಜೊತೆಯ ಇನ್ನೊಂದು ಸೆಲ್ಲೋ ಇದ್ದರೆ ತೆಗೆದುಕೊಂಡು ಹೋದರೆ ವೈದ್ಯರಿಗೆ ಸಹಾಯ.

ಏನನ್ನೂ ಕೊಡಬಾರದೆಂಬುದಕ್ಕೆ ಒಂದೇ ಅಪವಾದ ಜೇನುತುಪ್ಪ. ಅದರ ವಿಷಯದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಪಿಟಲ್ ಪಾಯ್ಸನ್ ಸೆಂಟರ್ ಎಂಬ ವಿಷಬಾಧೆಯ ಸಲಹಾ ಕೇಂದ್ರದ ಸೂಚನೆ ಹೀಗಿದೆ: ಮಗುವಿಗೆ ಒಂದು ವರ್ಷ ತುಂಬಿದ್ದು, ಲಿಥಿಯಂ ಸೆಲ್ ನುಂಗಿ 12 ಗಂಟೆಯೊಳಗಾಗಿದ್ದು, ಮಗುವಿಗೆ ನುಂಗಲು ಆಗುತ್ತಿದ್ದರೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಮಚ, ಅಂದರೆ 10 ಮಿಲಿಲೀಟರ್ ಜೇನು ಕೊಡಬಹುದು, ಆರು ಸಲಕ್ಕಿಂತ ಹೆಚ್ಚು ಬೇಡ. ಜೇನು ಕ್ಷಾರದ ಸುಡುವಿಕೆಯನ್ನು ನಿಧಾನಗೊಳಿಸುತ್ತದೆ, ಗುಣಪಡಿಸುವುದಿಲ್ಲ. ಅದನ್ನು ಹುಡುಕುತ್ತಾ ಹೊರಡುವುದನ್ನು ತಡಮಾಡಬಾರದು. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಸೆಲ್ಲನ್ನು ಮೂಗಿಗೋ ಕಿವಿಗೋ ತುರುಕಿಕೊಂಡಿದ್ದರೆ ಎಣ್ಣೆ, ಹನಿಮದ್ದು ಬಿಡದೆ ಹಾಗೆಯೇ ಕರೆದೊಯ್ಯಬೇಕು, ಅಲ್ಲಿಯೂ ಇದೇ ಸುಡುವಿಕೆ ನಡೆಯುತ್ತದೆ.

ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದರೂ ಕುಂಬಳೆ ಬೆಡಿಯಂಥ ಜಾತ್ರೆಯ ಸಂತೆಯಲ್ಲಿ ಮಕ್ಕಳಿಗೆ ಮಿನುಗುವ ಉಂಗುರವನ್ನೋ ಬುಗುರಿಯನ್ನೋ ಕೊಳ್ಳುವಾಗ ಅದರ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂದು ತಿರುಗಿಸಿ ನೋಡಿ. ಉಗುರಿನಿಂದ ತೆರೆಯುವಂತಿದ್ದರೆ ಕೊಳ್ಳಬೇಡಿ. ಎಲ್‌ಇಡಿ ಹಣತೆಗಳ ಅಡಿಯ ಮುಚ್ಚಳವನ್ನೂ ಹೀಗೆಯೇ ನೋಡಬೇಕು.

ಇಡುವುದು ಮತ್ತು ಎಸೆಯುವುದು

ಹೊಸ ಸೆಲ್‌ಗಳನ್ನು ಅವುಗಳ ಪೊಟ್ಟಣದಲ್ಲೇ, ಒಣಗಿದ ತಂಪು ಜಾಗದಲ್ಲಿ, ಮಕ್ಕಳ ಕೈಗೆಟಕದಷ್ಟು ಎತ್ತರದಲ್ಲಿ ಇಡಬೇಕು. ಫ್ರಿಜ್ಜಿನಲ್ಲಿ ಇಟ್ಟರೆ ಹೊರತೆಗೆದಾಗ ನಮ್ಮ ಹವೆಯಲ್ಲಿ ಅದರ ಮೈಮೇಲೆ ನೀರು ಕಟ್ಟುತ್ತದೆ. ಬಿಡಿ ಸೆಲ್‌ಗಳನ್ನು ಒಂದು ಡಬ್ಬಿಯಲ್ಲಿ ಸುರಿದಿಟ್ಟರೆ ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಬಿಸಿಯಾಗುತ್ತವೆ. ಬಲ್ಬಿನ ತಂತಿಯನ್ನು ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕುವ ಶಾಲಾ ಮಕ್ಕಳ ಪ್ರಯೋಗವನ್ನೂ ಮಾಡಿಸಬಾರದು, ಆ ಬಿಸಿಗೆ ಸೆಲ್ ಒಡೆಯಬಹುದು. ಸಣ್ಣ ಹೋಲ್ಡರ್ ಬಳಸಿದರಾಯಿತು.

ಖಾಲಿಯಾದ ಸೆಲ್ಲನ್ನು ಉಪಕರಣದಿಂದ ತೆಗೆದ ಕೂಡಲೇ ಎರಡೂ ಬದಿಗೆ ಸೆಲ್ಲೋಟೇಪ್ ಸುತ್ತಬೇಕು. ತೋಟದ ಗುಂಡಿಗೆ ಎಸೆಯುವುದು, ಒಣಗಿದ ಸೋಗೆಯ ಜೊತೆ ಸುಡುವುದು ಬೇಡ. ಬೆಂಕಿಗೆ ಬಿದ್ದ ಲಿಥಿಯಂ ಸೆಲ್ ಸಿಡಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಮನೆಯ ಇತರ ಕಸದಿಂದ ಬೇರೆಯಾಗಿಡುವುದು ಬಳಕೆದಾರರ ಹೊಣೆ. ನಮ್ಮ ಪಂಚಾಯತುಗಳಲ್ಲಿ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರನ್ನು ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಆ ದಿನದವರೆಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಭರಣಿಯಲ್ಲಿ ಕೂಡಿಟ್ಟು ಕೊಡಿ. ಅಂಗಡಿಗೆ ಯಾರು ತಂದುಕೊಟ್ಟರೂ ನಾನೂ ತೆಗೆದಿರಿಸಿಕೊಳ್ಳುತ್ತೇನೆ. ಟೇಪ್ ಸುತ್ತಿ ತನ್ನಿ ಎಂಬುದೊಂದೇ ನನ್ನ ಕೋರಿಕೆ.